ಕ್ಷಮೆ ಬೇಡುವ ಮೊದಲು ಗಾಡಿ ನಿಲ್ಲಿಸಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗ, ಹಿರಿಯೂರು ಭಾಗದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಡಿಕ್ಕಿ ಹೊಡೆದು ಪರಾರಿಯಾದ ಸುದ್ದಿ ಓದಿದಾಗಲೆಲ್ಲ ತುಂಬ ನೋವಾಗುತ್ತದೆ. ಒಡೆದ ಗಾಜು, ಒಂಟಿ ಚಪ್ಪಲಿ, ಚೆಲ್ಲಿದ ಟಿಫಿನ್ ಡಬ್ಬಿ ರಸ್ತೆಯಲ್ಲೇ ಬಿದ್ದಿರುತ್ತವೆ. ಗುದ್ದಿದವರು ಮಾತ್ರ ಇರುವುದಿಲ್ಲ. ಸಿಕ್ಕಿಬಿದ್ದ ಮೇಲೆ ‘ಅವನೇ ಅಡ್ಡ ಬಂದ’, ‘ಬ್ರೇಕ್ ಹಿಡಿಯಲಿಲ್ಲ’ ಎಂಬ ಮಾತು.

ಈ ಚಾಳಿ ಹಳೆಯದು. ಬೈಬಲ್ಲಿನ ಆದಿಕಾಂಡದಲ್ಲಿ ಬೇಡವೆಂದ ಹಣ್ಣು ತಿಂದೆಯಾ ಎಂದು ದೇವರು ಕೇಳಿದಾಗ ಮೊದಲ ಮನುಷ್ಯ ಆದಾಮ ಹೆಂಡತಿ ಹವ್ವಳ ಕಡೆ ಕೈ ತೋರಿಸಿದ, ಹವ್ವ ಸರ್ಪದ ಕಡೆ. ಇಬ್ಬರ ನೆಪವೂ ನಡೆಯಲಿಲ್ಲ. ಕ್ರೈಸ್ತರಾದ ನಮ್ಮಲ್ಲೂ ಕೆಲವರು ‘ಪ್ರಾರ್ಥನೆ ಮಾಡಿದ್ದೇನೆ, ದೇವರು ಕ್ಷಮಿಸಿದ್ದಾನೆ’ ಎಂದು ಸುಮ್ನೆ ಇದ್ದುಬಿಡುತ್ತಾರೆ. ಅಷ್ಟಕ್ಕೇ ಮುಗಿಯಿತೇ? ಗಾಯಗೊಂಡವನ ಮನೆಯವರ ಗತಿ ಏನು? ಲೂಕನ ಸುವಾರ್ತೆಯಲ್ಲಿ ಬರುವ ಸುಂಕದವನು ಜಕ್ಕಾಯ ಬರೀ ಬಾಯಿಮಾತಿಗೆ ನಿಲ್ಲಲಿಲ್ಲ. ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಯೇಸುವಿನ ಎದುರೇ ಹೇಳಿದ.

ಜನ ಹೊಡೆದಾರು ಎಂಬ ಭಯ ನಿಜವೇ. ಆದರೂ 108 ಅಥವಾ 112ಕ್ಕೆ ಕರೆ ಮಾಡಿ, ನೇರ ಠಾಣೆಗೆ ಹೋಗಬಹುದಲ್ವಾ? ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಹೊಣೆ ಎಂದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತದೆ.

ಜಿಲ್ಲೆಯ ಚರ್ಚ್‌ಗಳಲ್ಲಿ ಫಾದರ್, ಪಾಸ್ಟರ್‌ಗಳು ಭಾನುವಾರದ ಪ್ರಸಂಗದಲ್ಲಿ ಇದನ್ನು ನೇರವಾಗಿ ಹೇಳಲಿ. ಯುವಜನರ ಕೂಟಗಳಿಗೆ ಸಂಚಾರ ಪೊಲೀಸರನ್ನೂ ಕರೆಸಲಿ.

– ಒಬ್ಬ ಓದುಗ, ಚಿತ್ರದುರ್ಗ