ಇಳಿಜಾರಿನ ಹುಚ್ಚು ಹಿಡಿದ ಮಗಳಿಗೆ

ಪ್ರೀತಿಯ ಪುಟ್ಟಿ,

ನೀನು ಮನೆಯ ಗ್ರೂಪಿಗೆ ಹಾಕಿದ ವಿಡಿಯೋ ನೋಡಿದೆ. ನಂದಿ ಬೆಟ್ಟ ಇಳಿಯುವಾಗ ನಿನ್ನ ಹಿಂದೆಯೇ ಬರುತ್ತಿದ್ದ ಗೆಳತಿಯ ಕ್ಯಾಮೆರಾದಲ್ಲಿ ತೆಗೆದದ್ದು ಅಲ್ವಾ? ಮೂಲೆಯಲ್ಲಿ ಗಂಟೆಗೆ 68 ಕಿಲೋಮೀಟರ್ ಅಂತ ಬರುತ್ತಿತ್ತು. ಅಮ್ಮ ಅರ್ಧಕ್ಕೇ ಫೋನು ಕೆಳಗಿಟ್ಟಳು. ನಿನ್ನ ತಮ್ಮ ಮತ್ತೆ ಮತ್ತೆ ಹಾಕಿಕೊಂಡು ನೋಡಿದ. ಚಿಕ್ಕಪ್ಪ ಬೆಂಕಿ ಚಿತ್ರ ಹಾಕಿದ್ದು ನೀನೂ ನೋಡಿರಬೇಕು. ನಾನು ಏನೂ ಹಾಕಲಿಲ್ಲ. ಫೋನ್ ಮಾಡಿದರೆ ಜಗಳ ಆಗುತ್ತದೆ, ನಿನಗೂ ಕೋಪ, ನನಗೂ ಕೋಪ. ಅದಕ್ಕೇ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಟ್ಟಕ್ಕೆ ಹೋಗಬೇಡ ಅಂತ ಹೇಳೋಕೆ ಬರೆಯುತ್ತಿಲ್ಲ. ಇಳಿಜಾರಿನ ಮಜಾ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ನಾವು ಹುಡುಗರಾಗಿದ್ದಾಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಗೊಂಡು ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿದ್ದೆವು. ಹೋಗುತ್ತಿದ್ದೆವು ಅನ್ನೋದಕ್ಕಿಂತ ತಳ್ಳುತ್ತಿದ್ದೆವು. ಗೇರ್ ಎಲ್ಲಿತ್ತು ಆಗ? ಬಾಡಿಗೆ ಓಡುತ್ತಿರುತ್ತಿತ್ತು, ಬೆವರು ಸುರಿಯುತ್ತಿತ್ತು, ಆದರೂ ಬರೀ ಇಳಿಯುವ ಆಸೆಗೆ ಅಷ್ಟು ದೂರ ತಳ್ಳುತ್ತಿದ್ದೆವು. ಇಳಿಯುವಾಗ ಕಣ್ಣಲ್ಲಿ ನೀರು, ಕಿವಿ ತುಂಬಾ ಗಾಳಿ. ಸ್ಟೀಲ್ ರಿಮ್ಮು, ಕಂಬಿಯಲ್ಲಿ ಎಳೆಯುವ ಬ್ರೇಕು. ಮಳೆ ಬಂತೆಂದರೆ ಆ ಬ್ರೇಕು ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಒದ್ದೆಯಾದ ಸ್ಟೀಲಿನ ಮೇಲೆ ರಬ್ಬರು ಸುಮ್ನೆ ಜಾರುತ್ತದೆ.

ಹುಡುಗಿ ಅಂತ ಹೇಳುತ್ತಿದ್ದೇನೆ ಅಂತಲೂ ಅಂದುಕೊಳ್ಳಬೇಡ. ನಿನ್ನ ಅಜ್ಜಿ ಸೈಕಲ್ ಮುಟ್ಟಿದವಳಲ್ಲ. ಅಮ್ಮ ಕಲಿತದ್ದು ಮದುವೆ ಆದಮೇಲೆ, ಅದೂ ಕತ್ತಲಾದ ಮೇಲೆ ಮೈದಾನದಲ್ಲಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ ಮೇಲೆ ನಮ್ಮ ಅಂಗಡಿಗೆ ಪಂಚರ್ ಹಾಕಿಸಲು ಹುಡುಗಿಯರು ತಾವೇ ಬರತೊಡಗಿದರು. ಅದಕ್ಕೆ ಮುಂಚೆ ಅಣ್ಣನನ್ನೋ ಅಪ್ಪನನ್ನೋ ಕಳಿಸುತ್ತಿದ್ದರು. ಅಂಥ ಅಂಗಡಿಯಲ್ಲಿ ಆಡಿ ಬೆಳೆದ ನೀನು ನಿಧಾನ ಹೋಗು ಅಂದರೆ ಎಲ್ಲಿ ಕೇಳುತ್ತೀಯ!

ಆದರೆ ಆ ತಿರುವಿನ ಬಗ್ಗೆ ಹೇಳಬೇಕು. ಮುಂದೆ ಟೆಂಪೋ ಹೋಗುತ್ತಿತ್ತು. ನೀನು ಬ್ರೇಕ್ ಹಿಡಿಯದೆ ಅದರ ಬಲಗಡೆಯಿಂದ ನುಗ್ಗಿದೆ. ಅಂದರೆ ಎದುರಿನಿಂದ ಬರುವವರ ದಾರಿಗೆ ಹೋದೆ. ತಿರುವಿನ ಆಚೆ ಏನಿದೆ ಅಂತ ನಿನಗೂ ಕಾಣುತ್ತಿರಲಿಲ್ಲ, ಕ್ಯಾಮೆರಾಗೂ ಕಾಣುತ್ತಿರಲಿಲ್ಲ. ಏನೂ ಇರಲಿಲ್ಲ, ಸರಿ. ಅಲ್ಲಿ ನೀನು ಮಾಡಿದ ಸಾಹಸ ಏನು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಹಿಂದಿನ ತಿರುವನ್ನು ಎಷ್ಟು ಚಂದ ತಗೊಂಡಿದ್ದೀಯ! ಮುಂಚೆಯೇ ವೇಗ ತಗ್ಗಿಸಿ, ಹೊರಗಿನ ಪೆಡಲ್ ಕೆಳಗೆ ಮಾಡಿ, ಹೊರಡುವ ಕಡೆಗೆ ಮುಖ ತಿರುಗಿಸಿ. ಅದು ನಿನ್ನ ಕೆಲಸ. ಎರಡನೆಯದರಲ್ಲಿ ನಿನ್ನ ಕೆಲಸ ಏನೂ ಇರಲಿಲ್ಲ. ಎದುರಿನಿಂದ ಕಾರು ಬರುತ್ತಾ ಇಲ್ವಾ ಅನ್ನೋದು ಅಷ್ಟೆ. ಕಣ್ಣು ಮುಚ್ಚಿಕೊಂಡು ಹೋಗಿದ್ದರೂ ಉತ್ತರ ಅದೇ ಇರುತ್ತಿತ್ತು.

ಇನ್ನೊಂದು ವಿಷಯ ನೀನು ಯೋಚಿಸಿರಲಿಕ್ಕಿಲ್ಲ. ನೀನು ಅಲ್ಲಿ ಬಿದ್ದಿದ್ದರೆ ಜನ ಮೊದಲು ಯಾರನ್ನು ಹಿಡಿದುಕೊಳ್ಳುತ್ತಿದ್ದರು? ಆ ಟೆಂಪೋದವನನ್ನು. ದೊಡ್ಡ ಗಾಡಿಯದ್ದೇ ತಪ್ಪು ಅನ್ನೋದು ನಮ್ಮ ರಸ್ತೆಯ ನ್ಯಾಯ. ಅವನು ತನ್ನ ಪಾಡಿಗೆ ಎಡಗಡೆ ಹೋಗುತ್ತಿದ್ದ. ಏಟು ತಿಂದು, ಸ್ಟೇಷನ್ ಮೆಟ್ಟಿಲು ಹತ್ತಿ, ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿದ್ದ. ನಿನ್ನ ಮೈ ನಿನ್ನದು, ಏನು ಬೇಕಾದರೂ ಮಾಡಿಕೋ ಅಂತ ವಾದಕ್ಕೆ ಒಪ್ಪಿಬಿಡಬಹುದು. ಅವನ ಬದುಕನ್ನು ಪಣಕ್ಕಿಡೋಕೆ ಅವನನ್ನು ಯಾರು ಕೇಳಿದರು?

ಬಿದ್ದ ಸೈಕಲ್‌ಗಳನ್ನು ನೋಡುವುದು ನನ್ನ ದಿನದ ಕೆಲಸ. ಅವು ತಾವೇ ಕಥೆ ಹೇಳುತ್ತವೆ. ಮುಂದಿನ ಫೋರ್ಕ್ ಹಿಂದಕ್ಕೆ ಬಾಗಿದ್ದರೆ ನೇರ ಗುದ್ದಿದ್ದಾರೆ. ಹ್ಯಾಂಡಲಿನ ತುದಿ, ಪೆಡಲು, ಸೀಟಿನ ಅಂಚು ಒಂದೇ ಕಡೆ ತರಚಿದ್ದರೆ ತಿರುವಿನಲ್ಲಿ ಜಾರಿದ್ದಾರೆ. ಮಾಲೀಕ ಮಾತ್ರ ಬೇರೆ ಕಥೆ ಹೇಳುತ್ತಾನೆ. ಮಾಮೂಲಿ ಉತ್ತರ, ನಾಯಿ ಅಡ್ಡ ಬಂತು ಅಂತ. ಮೈಸೂರಿನ ನಾಯಿಗಳಿಗೆ ನಮ್ಮ ಅಂಗಡಿಯಲ್ಲಿ ಇರುವಷ್ಟು ಕೆಟ್ಟ ಹೆಸರು ಬೇರೆಲ್ಲೂ ಇಲ್ಲ. ಹೀಗೆ ಬರುವವರಲ್ಲಿ ಬಹಳ ಜನ ಚೆನ್ನಾಗಿ ಓಡಿಸುವವರೇ. ಓಡಿಸೋಕೆ ಬಾರದವರು ಅಷ್ಟು ಜೋರಾಗಿ ಹೋಗುವುದೇ ಇಲ್ಲವಲ್ಲ.

ಎಂಜಿನಿಯರಿಂಗ್ ಓದುವವಳು ನೀನು, ಲೆಕ್ಕ ನಿನಗೇ ಚೆನ್ನಾಗಿ ಗೊತ್ತು. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟು. 30ರಲ್ಲಿ ಗೋಡೆಗೆ ಗುದ್ದುವುದು ಮೂರೂವರೆ ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. 60ಕ್ಕೆ ಅದು 14 ಮೀಟರ್. ನಿನ್ನ 68ಕ್ಕೆ 18 ಮೀಟರ್, ಅಂದರೆ ಆರು ಅಂತಸ್ತಿನ ಕಟ್ಟಡ. ಆ ವೇಗದಲ್ಲಿ ನೀನು ಒಂದು ಸೆಕೆಂಡಿಗೆ ಸುಮಾರು 19 ಮೀಟರ್ ಹೋಗುತ್ತೀಯ. ಏನೋ ಕಂಡಿತು, ಬ್ರೇಕ್ ಹಿಡಿಯಬೇಕು ಅಂತ ತಲೆಗೆ ಹೊಳೆಯುವಷ್ಟರಲ್ಲಿ 19 ಮೀಟರ್ ಮುಗಿದಿರುತ್ತದೆ. ಸೈಕಲ್ ನಿಲ್ಲೋಕೆ ಶುರುವಾಗುವುದೇ ಆಮೇಲೆ.

ನಿಲ್ಲಿಸೋದೂ ಸುಲಭ ಇಲ್ಲ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಅದಕ್ಕೇ ಹಿಂದಿನ ಬ್ರೇಕ್ ಒಂದನ್ನೇ ಒತ್ತಿದರೆ ಚಕ್ರ ಕಟ್ಟಿಕೊಂಡು ಜಾರುತ್ತದೆ. ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಆದರೆ ಗಾಬರಿಯಲ್ಲಿ ಅದನ್ನು ಗಬಕ್ಕನೆ ಹಿಡಿದರೆ ಹ್ಯಾಂಡಲ್ ದಾಟಿ ನೀನು ಮುಂದೆ. ಇಳಿಜಾರಿನಲ್ಲಿ ಪಲ್ಟಿ ಹೊಡೆಯೋದು ಇನ್ನೂ ಬೇಗ. ತಿರುವಿನ ಮಧ್ಯೆ ಟೈರಿನ ಹಿಡಿತ ಆಗಲೇ ತಿರುಗೋಕೆ ಖರ್ಚಾಗುತ್ತಿರುತ್ತದೆ, ಬ್ರೇಕಿಗೆ ಉಳಿಯುವುದು ಸ್ವಲ್ಪವೇ. ಇದನ್ನೆಲ್ಲ ನಿನಗೆ ಹೇಳಿಕೊಟ್ಟಿದ್ದೇನೆ, ನಿನ್ನ ಕೈಗೂ ಬಂದಿದೆ. ಆದರೆ ತಿರುವಿನ ಆಚೆ ಯಾರೋ ರಸ್ತೆಗೆ ಹುರುಳಿ ಹರವಿದ್ದರೆ? ಸುಗ್ಗಿಯ ಹೊತ್ತಿನಲ್ಲಿ ನಮ್ಮ ಹಳ್ಳಿ ರಸ್ತೆಗಳೇ ಕಣ. ಗಾಡಿಗಳು ತುಳಿಯಲಿ ಅಂತ ರಾಗಿ, ಹುರುಳಿ ಎಲ್ಲ ಟಾರಿನ ಮೇಲೆ. ಒಣಗಿದ ಹುರುಳಿ ಸೊಪ್ಪಿನ ಮೇಲೆ ಬೈಕುಗಳೇ ನಿಲ್ಲುವುದಿಲ್ಲ, ನಿನ್ನ ಹೆಬ್ಬೆರಳಿನಷ್ಟು ಅಗಲದ ಟೈರು ಏನು ಮಾಡೀತು? ನಂದಿಯಲ್ಲಿ ಇದರ ಜೊತೆಗೆ ಬೆಳಗಿನ ಮಂಜು, ಕೋತಿಗಳು, ಸೂರ್ಯೋದಯ ನೋಡೋಕೆ ಬಂದು ಎಲ್ಲೆಂದರಲ್ಲಿ ನಿಲ್ಲಿಸುವ ಕಾರುಗಳು.

ಹೆಲ್ಮೆಟ್ ಇದೆಯಲ್ಲ ಅನ್ನುತ್ತೀಯ. ಇರಲೇಬೇಕು, ಅದರಲ್ಲಿ ಮಾತಿಲ್ಲ. ಆದರೆ ಯುರೋಪಿನ ಸೈಕಲ್ ಹೆಲ್ಮೆಟ್ ಪರೀಕ್ಷೆಯಲ್ಲಿ ಅದನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ನೋಡುತ್ತಾರೆ. ನೆಲಕ್ಕೆ ತಾಗುವಾಗ ವೇಗ ಗಂಟೆಗೆ 20 ಕಿಲೋಮೀಟರ್ ಹತ್ತಿರ. ತಲೆ ಮೇಲಿನಿಂದ ನೆಲಕ್ಕೆ ಬಡಿಯುವ ಪೆಟ್ಟಿಗೆ ಮಾಡಿದ್ದು ಅದು. ತಡೆಗೋಡೆಗೆ 68ರಲ್ಲಿ ಗುದ್ದೋಕೆ ಮಾಡಿದ್ದಲ್ಲ. ಅಂದಹಾಗೆ ಹೋದ ವರ್ಷ ಅದು ಮಹಡಿಯಿಂದ ಬಿತ್ತು ಅಂದಿದ್ದೆ. ಒಳಗಿನ ಥರ್ಮೋಕೋಲ್ ಒಂದು ಸಲ ಜೋರಾಗಿ ಪೆಟ್ಟು ತಿಂದರೆ ಮುಗಿಯಿತು, ಮೇಲೆ ಬಿರುಕು ಕಾಣದಿದ್ದರೂ. ಹೊಸದು ತಗೋ, ದುಡ್ಡು ಹಾಕುತ್ತೇನೆ.

ವಿಡಿಯೋದ ಕೊನೆಯಲ್ಲಿ ನೀನು ಸೀಟು ಬಿಟ್ಟು ಮೇಲಿನ ಪೈಪಿನ ಮೇಲೆ ಕೂತು, ಎದೆಯನ್ನು ಹ್ಯಾಂಡಲಿಗೆ ಒತ್ತಿಕೊಂಡಿದ್ದೀಯ. ರೇಸಿನವರನ್ನು ನೋಡಿ ಕಲಿತಿದ್ದು. ಗಾಳಿ ತಡೆ ಕಡಿಮೆಯಾಗಿ ವೇಗ ಬರುತ್ತದೆ, ನಿಜ. ಆದರೆ ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ 2021ರ ಏಪ್ರಿಲ್‌ನಿಂದ ಹಾಗೆ ಕೂರುವುದನ್ನು ರೇಸುಗಳಲ್ಲೇ ನಿಷೇಧಿಸಿದೆ. ಭಾರವೆಲ್ಲ ಮುಂದೆ, ಗುಂಡಿ ಬಂದರೆ ಸೈಕಲ್ಲನ್ನು ಹತೋಟಿಗೆ ತರುವುದು ಕಷ್ಟ. ಹೊಟ್ಟೆಪಾಡಿಗೆ ಇಳಿಜಾರು ಇಳಿಯುವವರಿಗೇ ಬೇಡ ಅಂದಿದ್ದನ್ನು ನೀನು ಭಾನುವಾರದ ಖುಷಿಗೆ ಮಾಡುತ್ತಿದ್ದೀಯ. ಆ ರೇಸುಗಳಲ್ಲಿ ರಸ್ತೆಗೆ ಬೇರೆ ಗಾಡಿಗಳನ್ನೇ ಬಿಡುವುದಿಲ್ಲ. ಹಾಗಿದ್ದೂ 1995ರ ಟೂರ್ ಡಿ ಫ್ರಾನ್ಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಇಟಲಿಯ ಫಾಬಿಯೊ ಕಸಾರ್ಟೆಲ್ಲಿ ಇಳಿಜಾರಿನಲ್ಲಿ ಬಿದ್ದು ಸತ್ತ. 2023ರಲ್ಲಿ ಸ್ವಿಟ್ಜರ್ಲೆಂಡಿನ ಗೀನೊ ಮೇಡರ್ ತನ್ನದೇ ದೇಶದ ರೇಸಿನಲ್ಲಿ ಇಳಿಯುವಾಗ ರಸ್ತೆಯಿಂದ ಕೆಳಗೆ ಬಿದ್ದು ತೀರಿಕೊಂಡ. ಅವನಿಗೆ 26 ವರ್ಷ.

ನಿನ್ನನ್ನು ಹೆದರಿಸಿ ಬಿಟ್ಟುಬಿಡೋಕೆ ನನಗೆ ಇಷ್ಟ ಇಲ್ಲ. ಡೆನಿಸ್ ಮ್ಯುಲರ್-ಕೊರೆನೆಕ್ ಅಂತ ಅಮೆರಿಕದ ಹೆಂಗಸು. 2018ರ ಸೆಪ್ಟೆಂಬರಿನಲ್ಲಿ, 45ರ ವಯಸ್ಸಿನಲ್ಲಿ, ಯೂಟಾ ರಾಜ್ಯದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ಸೈಕಲ್ಲನ್ನು ಗಂಟೆಗೆ 296 ಕಿಲೋಮೀಟರ್ ವೇಗಕ್ಕೆ ಒಯ್ದಳು. ತಪ್ಪು ಓದಿಲ್ಲ ನೀನು, 296. ಅದಕ್ಕೆ ಮುಂಚಿನ ದಾಖಲೆ 1995ರದ್ದು, ಸುಮಾರು 269. ರೇಸ್ ಕಾರಿನ ಬೆನ್ನಿಗೇ ಅಂಟಿಕೊಂಡ ಹಾಗೆ ಹೋದಳು. ಗಾಳಿಯನ್ನು ಕಾರು ತಡೆಯುತ್ತದೆ, ತುಳಿಯುವುದು ಅವಳದ್ದೇ ಕಾಲು. ಗೇರ್ ಎಷ್ಟು ಭಾರ ಅಂದರೆ ನಿಂತಲ್ಲಿಂದ ತುಳಿಯೋಕೇ ಆಗುವುದಿಲ್ಲ. ಮೊದಲು ಕಾರಿಗೆ ಕಟ್ಟಿ ಎಳೆದು, 160ರ ಹತ್ತಿರ ವೇಗ ಬಂದ ಮೇಲೆ ಹಗ್ಗ ಬಿಡಿಸಿಕೊಂಡಳು. ಕಾರು ಓಡಿಸಿದ್ದೂ ಒಬ್ಬ ಹೆಂಗಸೇ, ಶೇ ಹೋಲ್‌ಬ್ರುಕ್.

ನಿನ್ನದಕ್ಕಿಂತ ನಾಲ್ಕು ಪಟ್ಟು ಜಾಸ್ತಿ ವೇಗ. ಆದರೂ ನಿನ್ನ ಆ ತಿರುವಿಗಿಂತ ಅವಳ ಓಟವೇ ನನಗೆ ಒಪ್ಪುತ್ತದೆ. ಮೈಲಿಗಟ್ಟಲೆ ಚಪ್ಪಟೆ ನೆಲ, ಎದುರಿಗೆ ಬರುವವರಿಲ್ಲ. ಇದಕ್ಕೆಂದೇ ಕಟ್ಟಿಸಿದ ಸೈಕಲ್. ಎರಡು ವರ್ಷ ಮುಂಚೆ ಅದೇ ಬಯಲಿನಲ್ಲಿ ಕಡಿಮೆ ವೇಗದಲ್ಲಿ ಮಾಡಿ ನೋಡಿದ್ದಳು. ಮುಂದೆ ಕಾರು ಓಡಿಸುವವಳಿಗೆ ತನ್ನ ಕೈಯಲ್ಲಿ ಏನಿದೆ ಅಂತ ಗೊತ್ತಿತ್ತು, ಒಪ್ಪಿಕೊಂಡೇ ಬಂದಿದ್ದಳು. ತೆಗೆಯೋಕೆ ಆಗುವ ಅಪಾಯವನ್ನೆಲ್ಲ ತೆಗೆದು, ಉಳಿದದ್ದನ್ನು ಅವಳು ಎದುರಿಸಿದಳು. ನಿನ್ನ ಟೆಂಪೋದವನಿಗೆ ನೀನು ಬಂದದ್ದೇ ಗೊತ್ತಿರಲಿಲ್ಲ.

ಗೆಳತಿ ಹಿಂದೆ ಇರದಿದ್ದರೆ, ಅವಳ ಕ್ಯಾಮೆರಾ ಇರದಿದ್ದರೆ ನೀನು ಅಲ್ಲಿ ನುಗ್ಗುತ್ತಿದ್ದೆಯಾ? ಕೋಪ ಬೇಡ, ಸುಮ್ನೆ ಯೋಚಿಸು. ಅಮೆರಿಕದಲ್ಲಿ ಮಾರ್ಗೊ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು 2005ರಲ್ಲಿ ಇದನ್ನು ಪರೀಕ್ಷೆ ಮಾಡಿ ಬರೆದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದ ಮೇಲೂ ಎಷ್ಟು ಮುಂದೆ ಹೋಗುತ್ತೀಯೋ ಅಷ್ಟು ಪಾಯಿಂಟು, ಗುದ್ದಿದರೆ ಎಲ್ಲ ಹೋಯಿತು. ಹದಿಹರೆಯದವರು ಗೆಳೆಯರು ನೋಡುತ್ತಿರುವಾಗ ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಜಾಸ್ತಿ ಅಪಾಯಕ್ಕೆ ಇಳಿದರು. ಕಾಲೇಜು ವಯಸ್ಸಿನವರೂ ಹಾಗೇ, ಸ್ವಲ್ಪ ಕಡಿಮೆ. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ದೊಡ್ಡವರು ಜಾಣರು ಅಂತೇನಲ್ಲ, ನಿನ್ನ ಚಿಕ್ಕಪ್ಪನ ಬೈಕು ಸವಾರಿ ನೀನೂ ನೋಡಿದ್ದೀಯ.

ಆ ಸ್ಟ್ರಾವಾ ಆ್ಯಪಿನಲ್ಲಿ ಒಂದು ದಾರಿಯನ್ನು ಎಲ್ಲರಿಗಿಂತ ಬೇಗ ಮುಗಿಸಿದವರಿಗೆ ಕೊಡುವ ಕಿರೀಟದ ಆಸೆಯನ್ನಂತೂ ಇಳಿಜಾರಿನ ಮಟ್ಟಿಗೆ ಬಿಟ್ಟುಬಿಡು. 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಬ್ಬ ಸವಾರ ಸ್ಟ್ರಾವಾದಲ್ಲಿ ಕಳೆದುಕೊಂಡ ತನ್ನ ದಾಖಲೆ ಮತ್ತೆ ಹಿಡಿಯಲು ಬೆಟ್ಟ ಇಳಿಯುತ್ತಿದ್ದ. ಕಾರು ಕಂಡು ಬ್ರೇಕ್ ಹಿಡಿದು ಪಲ್ಟಿಯಾಗಿ ಸತ್ತ. ಮನೆಯವರು ಕಂಪನಿಯ ಮೇಲೆ ಕೇಸು ಹಾಕಿದರು, 2013ರಲ್ಲಿ ಕೋರ್ಟು ಅದನ್ನು ವಜಾ ಮಾಡಿತು. ಹತ್ತುವುದರಲ್ಲಿ ಬೇಕಾದರೆ ಕಿರೀಟ ಗೆಲ್ಲು. ಅದಕ್ಕೆ ಎದೆಯೂ ತೊಡೆಯೂ ಬೇಕು, ಅಲ್ಲಿ ಯಾರ ರಸ್ತೆಗೂ ನುಗ್ಗಬೇಕಿಲ್ಲ. ಜೋರಾಗಿ ಇಳಿಯಲೇಬೇಕು ಅನ್ನಿಸಿದರೆ ಮಣ್ಣಿನ ದಾರಿ ಕಲಿ. ಅಲ್ಲಿ 30ರಲ್ಲೇ ಎದೆ ಬಾಯಿಗೆ ಬರುತ್ತದೆ, ಬಿದ್ದರೂ ಮಂಡಿ ತರಚುವುದೇ ಜಾಸ್ತಿ. ಟಾರು ರಸ್ತೆಯಲ್ಲಿ ಮಾತ್ರ, ಆಚೆ ಕಾಣದ ತಿರುವಿನಲ್ಲಿ ನಿನ್ನ ಎಡಗಡೆಯಲ್ಲೇ ಇರು, ಕಾಣುವಷ್ಟು ದೂರದಲ್ಲಿ ನಿಲ್ಲಿಸಬಲ್ಲ ವೇಗದಲ್ಲಿರು. ನಿನ್ನ ಹತ್ತಿರ ನಾನು ಕೇಳುತ್ತಿರುವುದು ಇದೊಂದೇ.

ಇನ್ನು ರಿಪೇರಿ ಮಾತು. ವಿಡಿಯೋದಲ್ಲಿ ನಿನ್ನ ಹಿಂದಿನ ಚಕ್ರ ಸಣ್ಣಗೆ ಬಳುಕುತ್ತಿದೆ. ಸ್ಪೋಕ್ ಸಡಿಲ ಆಗಿರಬೇಕು. ಒಂದೊಂದನ್ನೂ ಬೆರಳಲ್ಲಿ ಮೀಟಿ ನೋಡು, ಸಡಿಲ ಇರುವುದು ಮಂಕಾಗಿ ಸದ್ದು ಮಾಡುತ್ತದೆ. ಮುಟ್ಟಿ ಬಿಗಿ ಮಾಡೋಕೆ ಹೋಗಬೇಡ, ಬೆಂಡ್ ಇನ್ನೂ ಜಾಸ್ತಿ ಆಗುತ್ತದೆ. ದೀಪಾವಳಿಗೆ ಬರುವಾಗ ಚಕ್ರ ಬಿಚ್ಚಿ ತಗೊಂಡು ಬಾ, ಬೆಂಡ್ ನಾನೇ ತೆಗೆದುಕೊಡುತ್ತೇನೆ. ಬ್ರೇಕಿನ ರಬ್ಬರು ಎರಡು ಜೊತೆ ಕೊರಿಯರ್‌ನಲ್ಲಿ ಕಳಿಸಿದ್ದೇನೆ. ಹಳೆಯದರಲ್ಲಿ ಗೀರು ಉಳಿದಿದೆಯಾ ನೋಡು, ಸವೆದಿದ್ದರೆ ಅವತ್ತೇ ಬದಲಾಯಿಸು. ಇನ್ನೊಂದು ಜೊತೆ ನಿನ್ನ ಗೆಳತಿಗೆ. ದುಡ್ಡು ಕೊಡೋಕೆ ಬಂದರೆ ತಗೋಬೇಡ, ಮುಂದಿನ ಸಲ ಅವಳನ್ನೇ ಮುಂದೆ ಬಿಟ್ಟು ನೀನು ಹಿಂದೆ ಬಾ.

ನಿನ್ನ
ಅಪ್ಪ