ನಮ್ಮ ತಿಂಡಿ ಮೂಲೆಗೆ ಒಂದು ನಲ್ಲಿ ಹಾಕಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಬೆಂಗಳೂರು

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ ಸರ್.

ಮೊದಲೇ ಹೇಳಿಬಿಡುತ್ತೇನೆ, ನಾನು ತಿಂಡಿಪೋತ. ರಾಜಕೀಯಕ್ಕೂ ನನಗೂ ದೂರ. ಸಂಜೆ ಆರೂವರೆಗೆ ಬಸ್ಸಿನಿಂದ ಇಳಿದರೆ ಎರಡು ತಟ್ಟೆ ಇಡ್ಲಿ ಬೇಕು, ಗೊತ್ತಿರುವವರು ಯಾರಾದರೂ ಸಿಕ್ಕರೆ ಒಂದು ಬೈಟು ಕಾಫಿ ಬೇಕು. ಇಷ್ಟಾದರೆ ನಾನು ಯಾರ ತಂಟೆಗೂ ಹೋಗುವವನಲ್ಲ.

ಇದು ನಾನು ನಿಮಗೆ ಬರೆಯುತ್ತಿರುವ ಐದನೇ ಪತ್ರ. ಹಿಂದಿನ ನಾಲ್ಕೂ ನಿಮ್ಮ ಕಚೇರಿಗೆ ಮುಟ್ಟಿವೆ. ಸೀಲು ಹಾಕಿಸಿಕೊಂಡ ಪ್ರತಿಗಳು ನನ್ನ ಹತ್ತಿರ ಇವೆ. ಸೀಲು ಬಹಳ ಚೆನ್ನಾಗಿ ಬಿದ್ದಿದೆ, ಅದರ ಬಗ್ಗೆ ದೂರಿಲ್ಲ. ಉತ್ತರ ಮಾತ್ರ ಬಂದಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ಒಂದೇ. ಪಾರ್ಕಿನ ಹಿಂದಿನ ಗೇಟಿನ ಹತ್ತಿರ ಹನ್ನೊಂದು ತಿಂಡಿ ಗಾಡಿ ನಿಲ್ಲುವ ಮೂಲೆಗೆ ಒಂದು ನಲ್ಲಿ ಹಾಕಿಸಿ.

ಆ ಮೂಲೆ ನಿಮಗೆ ಚೆನ್ನಾಗಿ ಗೊತ್ತು. ಚುನಾವಣೆ ಸಮಯದಲ್ಲಿ ಅಲ್ಲೇ ನಿಂತು ದೋಸೆ ಹುಯ್ದು ಫೋಟೊ ತೆಗೆಸಿಕೊಂಡಿದ್ದಿರಿ. ಮಗುಚುವಾಗ ದೋಸೆ ಹರಿಯಿತು. ಪರವಾಗಿಲ್ಲ, ಕಾವಲಿ ಸರಿಯಾಗಿ ಕಾದಿರಲಿಲ್ಲ. ಆಮೇಲೆ ನಿಮ್ಮ ಕೈಗೆ ಹಿಟ್ಟು ಮೆತ್ತಿಕೊಂಡಿತು ಅಂತ ನಿಮ್ಮ ಹುಡುಗನೊಬ್ಬ ಓಡಿಹೋಗಿ ನೀರಿನ ಬಾಟಲಿ ತಂದು, ಸೀಲು ಒಡೆದು, ನಿಮ್ಮ ಕೈಗೆ ಸುರಿದ. ನಾನು ಮೂರಡಿ ದೂರದಲ್ಲಿ ನಿಂತಿದ್ದೆ. ನನ್ನ ಕೈಯಲ್ಲೂ ಚಟ್ನಿ ಇತ್ತು. ನನ್ನದನ್ನು ಕರ್ಚೀಫಿಗೆ ಒರೆಸಿಕೊಂಡೆ.

ಈಗ ತಟ್ಟೆಯ ವಿಷಯ. ನಾನು ದಿನಾ ತಿನ್ನುವ ಇಡ್ಲಿ ಗಾಡಿಯ ಅಕ್ಕ ಸ್ಟೀಲ್ ತಟ್ಟೆಯ ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಕೊಡುತ್ತಾರೆ. ಹನ್ನೊಂದರಲ್ಲಿ ಒಂಬತ್ತು ಗಾಡಿಯಲ್ಲಿ ಇದೇ ಕಥೆ. ಹಬೆಯಾಡುವ ಇಡ್ಲಿ ಬಿದ್ದ ತಕ್ಷಣ ಹಾಳೆ ಮುದುಡಿಕೊಳ್ಳುತ್ತದೆ. ಇಡ್ಲಿ ಮುರಿಯಲು ಹೋದರೆ ಹಾಳೆಯೂ ಬೆರಳಿಗೆ ಅಂಟಿಕೊಂಡು ಬರುತ್ತದೆ. ಚಟ್ನಿ ಮಡಿಕೆಯ ಒಳಗೆ ಸೇರಿಕೊಳ್ಳುತ್ತದೆ, ಅದನ್ನು ಕೆರೆದು ತೆಗೆಯಬೇಕು. ಬಿಸಿ ಸಾಂಬಾರಿಗೆ ಒಂಥರಾ ಹೊಸ ಚಪ್ಪಲಿಯ ವಾಸನೆ ಬರುತ್ತದೆ. ಅಕ್ಕನ ಸಾಂಬಾರು ಈ ಏರಿಯಾದಲ್ಲೇ ಒಳ್ಳೆಯದು ಸರ್. ಬೆಲ್ಲ ಹಾಕಿ ಪಾಯಸ ಮಾಡುವುದಿಲ್ಲ, ಹುಳಿ ಹುಳಿಯಾಗಿಯೇ ಇರುತ್ತದೆ. (ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಡುವವರ ಬಗ್ಗೆ ನನಗೆ ಬೇರೆ ಸಿಟ್ಟಿದೆ. ಅದಕ್ಕೆ ಇನ್ನೊಂದು ಪತ್ರ ಬರೆಯುತ್ತೇನೆ.) ಅಂಥ ಸಾಂಬಾರಿಗೆ ಈ ಗತಿ ಬರಬಾರದು.

"ಅಕ್ಕಾ, ಈ ಹಾಳೆ ಯಾಕೆ?" ಅಂತ ಒಂದು ದಿನ ಕೇಳಿದೆ.

"ತೊಳೆಯಕ್ಕೆ ನೀರೆಲ್ಲಿದೆ ಅಣ್ಣಾ?" ಅಂದರು.

ಅಷ್ಟೇ ಕಾರಣ. ಅವರು ದಿನಾ ನಾಲ್ಕು ಕ್ಯಾನ್ ನೀರು ದುಡ್ಡು ಕೊಟ್ಟು ತರಿಸುತ್ತಾರೆ. 20 ಲೀಟರಿನ ಕ್ಯಾನ್. ಎರಡು ಅಡುಗೆಗೆ ಮತ್ತು ಜನಕ್ಕೆ ಕುಡಿಯಲು. ಉಳಿದ ಎರಡು, ಅಂದರೆ 40 ಲೀಟರ್, ತೊಳೆಯಲು. ಒಂದು ಸಂಜೆಗೆ ಹತ್ತಿರ ಹತ್ತಿರ 150 ತಟ್ಟೆ ಹೋಗುತ್ತದೆ. ನೀವೇ ಭಾಗಿಸಿ ನೋಡಿ. ಒಂದು ತಟ್ಟೆಗೆ ಕಾಲು ಲೀಟರಿಗಿಂತ ಚೂರು ಜಾಸ್ತಿ. ಲೋಟ, ಚಮಚ, ಸೌಟು ಲೆಕ್ಕಕ್ಕೆ ಹಿಡಿದಿಲ್ಲ. ಹಾಳೆ ಹಾಸದ ಇನ್ನೆರಡು ಗಾಡಿಗಳಲ್ಲಿ ತಟ್ಟೆ ಅದ್ದುವ ಬಕೆಟ್ ಇದೆ. ರಾತ್ರಿ ಎಂಟರ ಹೊತ್ತಿಗೆ ಆ ಬಕೆಟ್ಟಿನ ನೀರನ್ನೂ ರಸಂ ಪಾತ್ರೆಯನ್ನೂ ಪಕ್ಕಪಕ್ಕ ಇಟ್ಟರೆ ನಾನು ವಾಸನೆ ನೋಡಿಯೇ ಹೇಳಬೇಕು.

ಬಾಳೆ ಎಲೆ ಹಾಕಬಹುದಲ್ಲ ಅಂತ ನೀವು ಕೇಳಬಹುದು. ಹಬ್ಬದ ವಾರ ಮಾರ್ಕೆಟ್ಟಿಗೆ ಹೋಗಿ ಎಲೆಯ ರೇಟು ಕೇಳಿಕೊಂಡು ಬನ್ನಿ.

ನಿಯಮಗಳನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅವನ್ನು ಮಾಡುವವರೇ ನೀವು. 2016ರ ಮಾರ್ಚಿನಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲಕ್ಕೂ ನಿಷೇಧ ಬಂತು. ಮೇಜಿಗೆ ಅಂತ ಬರೆದಿದ್ದಾರೆ, ತಟ್ಟೆಗೆ ಅಂತ ಬರೆದಿಲ್ಲ ಅಂತ ದಯವಿಟ್ಟು ವಾದ ಮಾಡಬೇಡಿ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆಯಿತು. ಒಳ್ಳೆಯದೇ ಆಯಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸಬಾರದು ಅಂತ ಆರೋಗ್ಯ ಸಚಿವರು ಹೇಳಿದರು. ಅಕ್ಕ ಮಾರನೇ ದಿನವೇ ಬಟ್ಟೆಗೆ ಬದಲಾಯಿಸಿದರು. ಈಗ ಇಡ್ಲಿ ಬಟ್ಟೆಯಲ್ಲಿ ಬೇಯುತ್ತದೆ, ಇಳಿದ ಮೇಲೆ ಪ್ಲಾಸ್ಟಿಕ್ ಮೇಲೆ ಮಲಗುತ್ತದೆ. ಬಟ್ಟೆ ಒಗೆಯಲು ಅವರು ಮನೆಗೆ ಒಯ್ಯಬಹುದು. 150 ತಟ್ಟೆ ಹೇಗೆ ಒಯ್ಯುವುದು?

ಇನ್ನು 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ವ್ಯಾಪಾರಿಗಳು ಶುಚಿಯಾಗಿ ಇರಬೇಕು ಅಂತ ಅದರಲ್ಲಿದೆ. ವ್ಯಾಪಾರದ ಜಾಗದ ನಾಗರಿಕ ಸೌಲಭ್ಯಗಳಿಗೆ ಅವರು ಶುಲ್ಕ ಕಟ್ಟಬೇಕು ಅಂತಲೂ ಇದೆ. ಸೌಲಭ್ಯಕ್ಕೆ ಶುಲ್ಕ ಅಂದಮೇಲೆ ಸೌಲಭ್ಯ ಅಂತ ಒಂದು ಇರಬೇಕಲ್ವಾ ಸರ್? ಹನ್ನೊಂದು ಗಾಡಿಯವರೂ ದುಡ್ಡು ಕಟ್ಟಲು ತಯಾರಿದ್ದಾರೆ. ನಾನೇ ಕೇಳಿದ್ದೇನೆ. ಕ್ಯಾನಿಗೆ ಕೊಡುವುದರಲ್ಲಿ ಅರ್ಧ ಕೊಟ್ಟರೂ ಅವರಿಗೆ ಉಳಿತಾಯ. ಒಂದು ನಲ್ಲಿ ಹಾಕಿಸಿ.

ಈ ಪತ್ರ ಬರೆಯಲು ಕೂತದ್ದಕ್ಕೆ ಕಳೆದ ತಿಂಗಳ ಒಂದು ಗುರುವಾರ ಕಾರಣ.

ಏಳೂವರೆ ಆಗಿತ್ತು. ಒಂದು ಬಿಳಿ ಜೀಪು ಬಂದು ನಿಂತಿತು. ಯಾವ ಇಲಾಖೆ ಅಂತ ಬರೆಯುವುದಿಲ್ಲ. ಮೂವರು ಇಳಿದರು. ಅಕ್ಕನ ಗಾಡಿಯ ಕೆಳಗಿನ ಪ್ಲಾಸ್ಟಿಕ್ ಹಾಳೆಯ ಕಟ್ಟು ಎತ್ತಿ ಜೀಪಿಗೆ ಹಾಕಿದರು. ಐನೂರು ರೂಪಾಯಿ ದಂಡ, ರಸೀದಿ. ಎಲ್ಲ ಕಾನೂನು ಪ್ರಕಾರ. ನಾನೂ ಒಳಗೊಳಗೇ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಇಡ್ಲಿ ಇಳಿಯಿತು. ವಾಸನೆ ಹರಡಿತು. ಮೂವರಲ್ಲಿ ದೊಡ್ಡವರಿಗೆ ಹಸಿವಾಯಿತು.

"ಎರಡು ಇಡ್ಲಿ ಕೊಡಮ್ಮ" ಅಂದರು.

ಅಕ್ಕ ಪಕ್ಕದ ಗಾಡಿಯ ಬಕೆಟ್ಟಿನಲ್ಲಿ ತಟ್ಟೆ ಅದ್ದಿ, ಕೊಡವಿ, ಇಡ್ಲಿ ಹಾಕಿ ಕೊಟ್ಟರು. ಅವರು ತಟ್ಟೆಯನ್ನು ಬೀದಿ ದೀಪದ ಕಡೆಗೆ ಓರೆ ಮಾಡಿ ನೋಡಿದರು. ಅಂಚಿನಲ್ಲಿ ಯಾರದೋ ಸಾಂಬಾರಿನ ಕರಿಬೇವು ಅಂಟಿತ್ತು.

"ಏನಮ್ಮಾ ಇದು, ಹೇಗೆ ತಿನ್ನೋದು? ಒಂದು ಕವರ್ ಹಾಕಿ ಕೊಡು."

"ಕವರ್ ನಿಮ್ಮ ಜೀಪಲ್ಲೇ ಇದೆ ಸರ್" ಅಂದರು ಅಕ್ಕ.

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಡ್ರೈವರಿಗೆ ಕಣ್ಸನ್ನೆ ಮಾಡಿದರು. ಡ್ರೈವರ್ ಜೀಪಿನ ಹಿಂಬಾಗಿಲು ತೆಗೆದು, ವಶಪಡಿಸಿಕೊಂಡ ಕಟ್ಟಿನಿಂದಲೇ ಮೂರು ಹಾಳೆ ಎಳೆದು ತಂದ. ಮೂವರೂ ಅದರ ಮೇಲೆ ಇಡ್ಲಿ ತಿಂದರು. ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡರು. ದುಡ್ಡು ಕೊಟ್ಟರು, ಅದನ್ನು ಮುಚ್ಚಿಡುವುದಿಲ್ಲ. ದಂಡದ ರಸೀದಿ ಅಕ್ಕನ ಒಗ್ಗರಣೆ ಡಬ್ಬಿಯ ಕೆಳಗೆ ಇನ್ನೂ ಇದೆ.

ಆ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ ಸರ್. ಅವರು ತಿಂದದ್ದೂ ಸರಿ, ಹಿಡಿದದ್ದೂ ಸರಿ. ನೀರಿಲ್ಲದ ಕಡೆ ಎರಡೂ ಸರಿಯೇ. ನಿಮ್ಮ ಮೇಲೆ ಸಿಟ್ಟಿದೆ.

ಯಾಕೆ ಅಂದರೆ 2023ರ ಜುಲೈನಲ್ಲಿ ನನಗೆ ಟೈಫಾಯಿಡ್ ಬಂತು. ಯಾವ ಗಾಡಿ ಅಂತ ಬೆರಳು ತೋರಿಸುವುದಿಲ್ಲ. ಆಫೀಸಿನ ನೀರೇ ಇರಬಹುದು. ಆದರೆ ಕೆಟ್ಟ ನೀರು ಮತ್ತು ಅದು ಮುಟ್ಟಿದ ಆಹಾರದಿಂದಲೇ ಬರುವ ಕಾಯಿಲೆ ಅದು, ಮತ್ತು ನಾನು ದಿನಾ ತಿನ್ನುತ್ತಿದ್ದುದು ಎಲ್ಲಿ ಅಂತ ನಿಮಗೆ ಈಗ ಗೊತ್ತು. ಮೂರು ವಾರ ಮಲಗಿದ್ದೆ. ಏಳು ಕಿಲೋ ಇಳಿದೆ. ಬೆಳಗ್ಗೆ ಗಂಜಿ, ಮಧ್ಯಾಹ್ನ ಮಜ್ಜಿಗೆ ಅನ್ನ, ರಾತ್ರಿ ಮತ್ತೆ ಗಂಜಿ. ಗಂಜಿಗೆ ಒಂದು ಮಿಡಿ ಉಪ್ಪಿನಕಾಯಿ ಕೇಳಿದೆ ಅಂತ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಕೆಳಗಿನ ಮನೆಯವರು ನಾಲ್ಕು ಗಂಟೆಗೆ ಡಿಕಾಕ್ಷನ್ ಇಳಿಸುತ್ತಿದ್ದರು. ಆ ಘಮಕ್ಕೆ ನಾನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಐವತ್ತಾರು ವರ್ಷದ ಗಂಡಸು ಕಾಫಿಗಾಗಿ ಅತ್ತಿದ್ದನ್ನು ಊರಿಗೆಲ್ಲ ಹೇಳುತ್ತಿದ್ದೇನೆ ಅಂದರೆ ನನ್ನ ಕಷ್ಟ ನಿಮಗೆ ಅರ್ಥವಾಗಬೇಕು. ಎರಡನೇ ಪತ್ರ ಆಗಲೇ ಬರೆದದ್ದು, ಹಾಸಿಗೆಯಲ್ಲಿ. ಅಕ್ಷರ ಸೊಟ್ಟಗಿದ್ದವು. ಅದಕ್ಕೂ ಸೀಲು ಚೆನ್ನಾಗಿಯೇ ಬಿತ್ತು.

ಊರಲ್ಲಿ ನೀರಿಲ್ಲ ಅಂತ ಹೇಳಬೇಡಿ. 2024ರ ಬೇಸಿಗೆಯಲ್ಲಿ ನಿಜವಾಗಿಯೂ ಇರಲಿಲ್ಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂದರು, ನಾವು ಒಪ್ಪಿಕೊಂಡೆವು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಜಾಸ್ತಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ ಎತ್ತಿ, ಎತ್ತಿ, ಎತ್ತಿ ಬೆಂಗಳೂರಿಗೆ ತರುವ ನೀರು. ಪಾರ್ಕಿನ ಒಳಗೆ ಹುಲ್ಲಿಗೆ ಪೈಪು ಇದೆ. ಗೇಟಿನಿಂದ ಗಾಡಿಗಳಿಗೆ ನಾನು ಟೇಪು ಹಿಡಿದು ಅಳೆದಿದ್ದೇನೆ, 42 ಅಡಿ. ನೂರು ಕಿಲೋಮೀಟರ್ ಬಂದ ಕಾವೇರಿಗೆ ಈ 42 ಅಡಿ ದಾಟಲು ಆಗುತ್ತಿಲ್ಲ. ನೀರಿನವರನ್ನು ಕೇಳಿದರೆ ರಸ್ತೆಯವರನ್ನು ಕೇಳಿ ಅಂತಾರೆ. ರಸ್ತೆಯವರು ಪಾರ್ಕಿನವರನ್ನು ತೋರಿಸುತ್ತಾರೆ. ಪಾರ್ಕಿನವರು ನಿಮ್ಮನ್ನು ತೋರಿಸುತ್ತಾರೆ.

ಮತ್ತೆ, ಆ ಶುದ್ಧ ಕುಡಿಯುವ ನೀರಿನ ಘಟಕ. ಮೂಲೆಯಿಂದ ಐದು ನಿಮಿಷ ನಡೆದರೆ ಸಿಗುತ್ತದೆ. ಅದರ ಮೇಲೆ ನಿಮ್ಮ ನಗುಮುಖದ ದೊಡ್ಡ ಫೋಟೊ ಇದೆ. ಕೆಳಗೆ ಬೀಗ ಇದೆ. ಫೋಟೊವನ್ನು ಎರಡು ಸಲ ಹೊಸದು ಮಾಡಿಸಿದ್ದಾರೆ. ಬೀಗ ಹಳೆಯದೇ.

ನಿಮ್ಮ ಆಪ್ತ ಸಹಾಯಕರು ಒಂದೇ ಒಂದು ಸಲ ಫೋನಿನಲ್ಲಿ ಸಿಕ್ಕಿದ್ದರು. "ನಲ್ಲಿ ಹಾಕಿಸಿಬಿಟ್ರೆ ಗಾಡಿಯವರು ಅಲ್ಲೇ ಖಾಯಂ ಆಗ್ತಾರೆ ಸಾರ್" ಅಂದರು. ಖಾಯಂ ಆಗಿ ಹದಿನಾಲ್ಕು ವರ್ಷ ಆಯಿತು! ಅಕ್ಕನ ಮಗ ಆ ಗಾಡಿಯ ಪಕ್ಕ ಕೂತು ಮಗ್ಗಿ ಕಲಿತವನು ಈಗ ಡಿಪ್ಲೊಮಾ ಮಾಡುತ್ತಿದ್ದಾನೆ. ಅವರು ಹೋಗುವುದಿಲ್ಲ, ಹೋಗಬಾರದು. ದೊಡ್ಡ ಹೋಟೆಲಿಗೆ ಹೋಗಿ ಕೂತು ತಿನ್ನಲು ಎಲ್ಲರಿಗೂ ಆಗುವುದಿಲ್ಲ. ಆಟೋದವರು, ಪಿಜಿ ಹುಡುಗರು, ಸೆಕ್ಯೂರಿಟಿಯವರು, ನನ್ನಂಥ ಚಪಲದವರು, ಎಲ್ಲರಿಗೂ ರಾತ್ರಿಯ ಊಟ ಅದೇ.

ಶುಚಿಗೂ ರುಚಿಗೂ ಈ ಊರಿನಲ್ಲಿ ಹಳೇ ನಂಟಿದೆ. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಬಂದು, ಅಲ್ಲಿನ ಹೋಟೆಲುಗಳ ಶುಚಿ ನೋಡಿ, ಇಲ್ಲಿ ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ವ್ಯವಸ್ಥೆ ತಂದರು. ನಮ್ಮ ಅಪ್ಪ ಎಂಟಿಆರ್ ಹೋಟೆಲಿನಲ್ಲಿ ಅಡುಗೆಮನೆ ದಾಟಿಕೊಂಡೇ ಒಳಗೆ ಹೋಗಿ ತಿಂದದ್ದನ್ನು ಸಾಯುವತನಕ ಹೇಳುತ್ತಿದ್ದರು. ಅಕ್ಕ ಯೂರೋಪಿಗೆ ಹೋಗಬೇಕಾಗಿಲ್ಲ. ತಟ್ಟೆ ಹೇಗೆ ತೊಳೆಯಬೇಕು ಅಂತ ಅವರಿಗೆ ಗೊತ್ತು. ನೀರು ಬೇಕು.

ನಿಮಗೆ ವರ್ಷಕ್ಕೆ ಎರಡು ಕೋಟಿ ಶಾಸಕರ ನಿಧಿ ಇದೆ. ನನ್ನ ಬೇಡಿಕೆ ಎಷ್ಟು ದೊಡ್ಡದು ಅಂತ ಹೇಳುತ್ತೇನೆ: 42 ಅಡಿ ಪೈಪು, ಒಂದು ಮೀಟರು, ತೊಳೆಯಲು ಸೊಂಟದೆತ್ತರದ ಒಂದು ಕಟ್ಟೆ, ಮೇಲೊಂದು ಜಾಲರಿ, ಕೊಳೆ ನೀರು ಮಳೆನೀರಿನ ಮೋರಿಗೆ ಹೋಗದಂತೆ ಒಳಚರಂಡಿಗೆ ಒಂದು ಪೈಪು. ಮತ್ತು ಒಂದು ನಲ್ಲಿ. ಎರಡು ಹಾಕಿಸಿದರೆ ಒಂದರಲ್ಲಿ ನಾವು ಕೈ ತೊಳೆದುಕೊಳ್ಳುತ್ತೇವೆ. ಒಂದೇ ಹಾಕಿಸಿದರೂ ಜಗಳ ಮಾಡುವುದಿಲ್ಲ. ಬೇಕಿದ್ದರೆ ಕಟ್ಟೆಯ ಮೇಲೆ ನಿಮ್ಮ ಫೋಟೊ ಹಾಕಿಸಿ, ಎಷ್ಟು ದೊಡ್ಡದಾದರೂ ಸರಿ. ದಿನಾ ನಾನೇ ಒರೆಸುತ್ತೇನೆ.

ಒಂದು ನಲ್ಲಿ ಹಾಕಿಸಿ ಸರ್.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ

ಮರೆತಿದ್ದೆ: ನಲ್ಲಿ ಎಲ್ಲಿ ಬರಬೇಕು ಅಂತ ಕಾಂಪೌಂಡಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಮಳೆಗೆ ಅಳಿಸಿದರೆ ಮತ್ತೆ ಹಾಕುತ್ತೇನೆ. ನೋಡಲು ಬರುವುದಾದರೆ ಸೋಮವಾರ ಬೇಡ, ಅಕ್ಕನಿಗೆ ರಜಾ. ಬೇರೆ ಯಾವ ದಿನವಾದರೂ ಏಳು ಗಂಟೆಗೆ ಬನ್ನಿ, ಇಡ್ಲಿ ನನ್ನ ಲೆಕ್ಕ. ನೀರಿನ ಬಾಟಲಿ ಮಾತ್ರ ತರಬೇಡಿ.