ಆ ತೋಟದ ಗೇಟು ಮುಚ್ಚಬೇಡಿ ಕಣೋ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ವಿಶ್ವವಿದ್ಯಾಲಯದ ತೋಟಕ್ಕೆ ಹೊರಗಿನವರನ್ನು ಬಿಡುವುದು ಬೇಡ ಅಂತ ಸಮಿತಿಯಲ್ಲಿ ಮಾತು ಬಂದಿದೆ, ನೀನೂ ಅದಕ್ಕೆ ಹೂಂ ಅನ್ನುವ ಹಾಗಿದ್ದೀಯ. ಹೂ ಕೀಳುತ್ತಾರೆ, ಮರದ ಮೇಲೆ ಹೆಸರು ಕೆತ್ತುತ್ತಾರೆ, ಕಸ ಬಿಸಾಡುತ್ತಾರೆ ಅಂತ ಬರೆದಿದ್ದೀಯ. ಇದ್ಯಾವುದೂ ಸುಳ್ಳಲ್ಲ. ಚಾಕುವಿನಿಂದ ಗೀರಿದ ಮರ ನೋಡಿದರೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುತ್ತಾರಾ?

ಈ ಜಗಳ ಇವತ್ತಿನದಲ್ಲ. ಇಟಲಿಯ ಪಾದುವಾ ವಿಶ್ವವಿದ್ಯಾಲಯದ ತೋಟ ಶುರುವಾದದ್ದು 1545ರಲ್ಲಿ. ಆಗ ಔಷಧಿ ಗಿಡಗಳ ವಿಷಯದಲ್ಲಿ ಮೋಸ ಜಾಸ್ತಿ ಇತ್ತು. ಅಸಲಿ ಯಾವುದು, ನಕಲಿ ಯಾವುದು ಅಂತ ವಿದ್ಯಾರ್ಥಿಗಳು ಕಣ್ಣಾರೆ ನೋಡಿ ಕಲಿಯಲಿ ಅಂತ ಬೆಳೆಸಿದ ತೋಟ ಅದು. ಬೆಲೆಬಾಳುವ ಗಿಡ ಅಂದಮೇಲೆ ಕಳ್ಳರು ಬರದೆ ಇರುತ್ತಾರಾ? ದಂಡ, ಜೈಲು, ಗಡಿಪಾರು ಅಂತ ಎಷ್ಟು ಹೆದರಿಸಿದರೂ ರಾತ್ರಿ ಹೊತ್ತಿನ ಕಳ್ಳತನ ನಿಲ್ಲಲಿಲ್ಲ. ಕೊನೆಗೆ 1552ರಲ್ಲಿ ಸುತ್ತ ದುಂಡನೆಯ ಗೋಡೆ ಕಟ್ಟಿದರು. ಆ ಗೋಡೆ ಇವತ್ತಿಗೂ ಇದೆ. 1585ರಲ್ಲಿ ನೆಟ್ಟ ಒಂದು ಪಾಮ್ ಗಿಡವೂ ಅಲ್ಲಿ ಇನ್ನೂ ಬದುಕಿದೆ. ಜರ್ಮನ್ ಕವಿ ಗಯಟೆ 1786ರಲ್ಲಿ ಆ ಗಿಡದ ಮುಂದೆ ನಿಂತು, ಎಳೆ ಎಲೆಯಿಂದ ಬಲಿತ ಎಲೆಯವರೆಗೆ ರೂಪ ಹೇಗೆ ಬದಲಾಗುತ್ತದೆ ಅಂತ ನೋಡಿದ. ನಾಲ್ಕು ವರ್ಷದ ಮೇಲೆ ಗಿಡಗಳ ರೂಪಾಂತರದ ಬಗ್ಗೆ ಪುಸ್ತಕವನ್ನೇ ಬರೆದ. ಅವನು ಅಲ್ಲಿ ಓದುತ್ತಿದ್ದವನಲ್ಲ, ಪಾಠ ಮಾಡುತ್ತಿದ್ದವನೂ ಅಲ್ಲ, ದೇಶ ಸುತ್ತುತ್ತ ಬಂದವನು. ನಿಮ್ಮ ಸಮಿತಿಯ ಲೆಕ್ಕದಲ್ಲಿ ಹೊರಗಿನವನೇ ಅಲ್ವಾ? 1997ರಲ್ಲಿ ಯುನೆಸ್ಕೊ ಆ ತೋಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಜನ ಆ ಗಿಡವನ್ನು ಗಯಟೆಯ ಹೆಸರಿನಿಂದಲೇ ಕರೆಯುತ್ತಾರೆ.

ಗದ್ದಲದ ಬಗ್ಗೆಯೂ ಬರೆದಿದ್ದೀಯ. ಸ್ವೀಡನ್ನಿನ ಉಪ್ಸಾಲಾದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು ಲಿನೇಯಸ್ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಊರಾಚೆ ಗಿಡ ಹುಡುಕಲು ಹೋಗುತ್ತಿದ್ದ. ದಿನವಿಡೀ ಅಲೆದು ವಾಪಸ್ ಬರುವಾಗ ಕೊಂಬು ಕಹಳೆ, ಡೋಲು, ಬಾವುಟ ಎಲ್ಲ ಇರುತ್ತಿತ್ತು. ಬೀದಿಯಲ್ಲಿ ಮೆರವಣಿಗೆ ಹೊರಟು ವಿಶ್ವವಿದ್ಯಾಲಯದ ತೋಟಕ್ಕೆ ಬಂದು ಜೈಕಾರ ಹಾಕುತ್ತಿದ್ದರು. ಇದು ಅತಿಯಾಯಿತು ಅಂತ ಆಗಲೂ ಆಕ್ಷೇಪ ಬಂದಿತ್ತು. ಆದರೆ ಸಸ್ಯಶಾಸ್ತ್ರ ಅನ್ನುವುದು ಬೀದಿಯ ಜನರ ಕಣ್ಣಿಗೂ ಬೀಳುವ ಹಾಗೆ ಮಾಡಿದ್ದು ಆ ಮೆರವಣಿಗೆ, ಅದು ನನಗೆ ತುಂಬ ಇಷ್ಟ.

ನಮ್ಮ ಅಜ್ಜಿ ನೆನಪಿದ್ದಾರಾ ನಿನಗೆ? ನಮ್ಮ ಅಂದರೆ ಯಾರ ಮನೆಯವರೂ ಅಲ್ಲ, ನಾವು ಓದುವಾಗ ಕೊಳದ ಪಕ್ಕದ ಬೆಂಚಿನ ಮೇಲೆ ದಿನಾ ಬೆಳಿಗ್ಗೆ ಕೂರುತ್ತಿದ್ದರಲ್ಲ, ಅವರು. ಪರೀಕ್ಷೆಗೆ ಎರಡು ದಿನ ಇತ್ತು. ನೀನು ಒಂದು ಗಿಡದ ಲ್ಯಾಟಿನ್ ಹೆಸರನ್ನು ಮತ್ತೆ ಮತ್ತೆ ಹೇಳಿಕೊಂಡು ಬಾಯಿಪಾಠ ಮಾಡುತ್ತಿದ್ದೆ. ಅವರು ಎದ್ದು ಬಂದು ಎಲೆ ಮುಟ್ಟಿ, ತಮ್ಮ ಕಡೆ ಅದಕ್ಕೆ ಏನು ಹೆಸರು ಅಂತ ಹೇಳಿದರು. ತಮ್ಮ ತಾಯಿ ಆ ಎಲೆ ಜಜ್ಜಿ ಗಾಯಕ್ಕೆ ಹಚ್ಚುತ್ತಿದ್ದದ್ದು, ಮಳೆಗಾಲ ಮುಗಿದ ಮೇಲೆ ಕಿತ್ತ ಎಲೆಯೇ ಆಗಬೇಕು ಅನ್ನುತ್ತಿದ್ದದ್ದು, ಎಲ್ಲ ಹೇಳಿದರು. ಫಲಕದ ಮೇಲೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನೀನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಆ ಹಾಳೆ ಇನ್ನೂ ಇದೆಯಾ? ಇದ್ದರೆ ಸಭೆಗೆ ತೆಗೆದುಕೊಂಡು ಹೋಗು. ಗೇಟು ಮುಚ್ಚಿದ್ದರೆ ಅವರು ಬರುತ್ತಿರಲಿಲ್ಲ, ಅವರ ಜೊತೆಗೆ ಆ ಹೆಸರೂ ಹೋಗಿಬಿಡುತ್ತಿತ್ತು.

ಪರಂಪರೆ ಅಂದರೆ ಹಳೇ ಮರಕ್ಕೆ ಕಟ್ಟೆ ಕಟ್ಟಿ ಕಾಯುವುದು ಅಂತ ನಿಮ್ಮ ಸಮಿತಿಯವರು ಅಂದುಕೊಂಡ ಹಾಗಿದೆ. ಮರ ಹೇಗಿದ್ದರೂ ಒಂದು ದಿನ ಬೀಳುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ತೋಟದಲ್ಲಿ 1954ರಲ್ಲಿ ನೆಟ್ಟ ಒಂದು ಸೇಬಿನ ಮರ ಇತ್ತು, ನ್ಯೂಟನ್ ಮನೆಯಂಗಳದ ಮರದ ಕಸಿ. 2022ರ ಫೆಬ್ರವರಿಯ ಬಿರುಗಾಳಿಗೆ ಬಿದ್ದುಹೋಯಿತು. ಆದರೆ ಅದಕ್ಕೆ ಮೊದಲೇ ಅದರ ರೆಂಬೆಯಿಂದ ಹೊಸ ಕಸಿ ಮಾಡಿಟ್ಟಿದ್ದರು. ಇಂಥ ತೋಟಗಳು ಬೀಜದ ವಿಷಯದಲ್ಲೂ ಹೀಗೇ. ಆ ವರ್ಷ ಸಿಕ್ಕ ಬೀಜಗಳ ಪಟ್ಟಿ ಮಾಡಿ ಬೇರೆ ತೋಟಗಳಿಗೆ ಕಳಿಸುತ್ತವೆ, ಬೇಕು ಅಂದವರಿಗೆ ದುಡ್ಡಿಲ್ಲದೆ ಕೊಡುತ್ತವೆ, ತಮಗೆ ಬೇಕಾದ್ದನ್ನು ಕೇಳಿ ತರಿಸಿಕೊಳ್ಳುತ್ತವೆ. ಸಾವಿರ ಮೈಲಿ ದೂರದ ತೋಟಕ್ಕೆ ಬೀಜ ಕೊಡುವವರು, ಗೇಟಿನ ಆಚೆ ನಿಂತವರಿಗೆ ನೆರಳು ಕೊಡಬಾರದಾ?

ಹಾಗಂತ ಎಲ್ಲ ಬಿಟ್ಟುಬಿಡಿ ಅನ್ನುತ್ತಿಲ್ಲ. ಅಪರೂಪದ ಗಿಡ, ವಿಷದ ಗಿಡ, ಸಸಿ ಬೆಳೆಸುವ ಜಾಗ, ಇವಕ್ಕೆ ಬೇಲಿ ಬೇಕೇ ಬೇಕು. ಸಂಶೋಧನೆಗೆ ನೆಟ್ಟದ್ದನ್ನು ಯಾರೂ ಮುಟ್ಟಬಾರದು. ಉಳಿದದ್ದು ತೆರೆದಿರಲಿ. ದಿನಾ ಬರುವವರು ಯಾರು ಅಂತ ತೋಟದ ಮಾಲಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಸಮಿತಿಯಲ್ಲಿ ಅವರಲ್ಲಿ ಒಬ್ಬರೂ ಇಲ್ಲ ಅನ್ನುವುದೇ ನನಗೆ ಬೇಜಾರು. ಅವರನ್ನು ಕೂರಿಸಿಕೊಂಡು ಕೇಳಿ. ದಿನಾ ಬರುವವರಲ್ಲಿ ನಾಲ್ಕು ಜನರಿಗೆ ಒಂದೊಂದು ಪಾತಿ ವಹಿಸಿಕೊಟ್ಟು ನೋಡಿ, ತಾವು ನೀರು ಹಾಕಿದ ಗಿಡದ ಹೂವನ್ನು ಬೇರೆಯವರು ಕೀಳಲು ಬಿಡುತ್ತಾರಾ ಅವರು? ಫಲಕದಲ್ಲಿ ಲ್ಯಾಟಿನ್ ಹೆಸರಿನ ಕೆಳಗೆ ಎರಡು ಸಾಲು ಖಾಲಿ ಬಿಡಿ, ಜನ ಹೇಳುವ ಹೆಸರುಗಳನ್ನು ನಿನ್ನ ವಿದ್ಯಾರ್ಥಿಗಳು ಕೇಳಿ ತಿಳಿದು ಬರೆಯಲಿ.

ಸಭೆ ಇರುವ ದಿನ ಬೆಳಿಗ್ಗೆ ಬೇಗ ಎದ್ದು ಒಂದು ಸಲ ಆ ಕೊಳದ ಹತ್ತಿರ ಹೋಗಿ ಬಾ. ಫೈಲು, ಫೋನು ಎಲ್ಲ ಮನೆಯಲ್ಲಿಡು. ಸುಮ್ನೆ ಅರ್ಧ ಗಂಟೆ ಆ ಬೆಂಚಿನ ಮೇಲೆ ಕೂತಿರು, ಯಾರ್ಯಾರು ಬರುತ್ತಾರೆ ನೋಡು. ಆಮೇಲೆ ಕೈ ಎತ್ತಬೇಕಾ ಬೇಡವಾ ಅಂತ ನೀನೇ ತೀರ್ಮಾನ ಮಾಡು. ಏನಾಯಿತು ಅಂತ ಅವತ್ತೇ ಬರಿ, ಕಾಯುತ್ತಿರುತ್ತೇನೆ.

ನಿನ್ನ ಹಳೇ ಬೆಂಚಿನ ಗೆಳೆಯ